ಬಿ.ಇ. ಮುಗಿಸಿ ಮೂರು ವರ್ಷ ಕೆಲಸ ಮಾಡಿದ ಮೇಲೆ ಎಂ.ಬಿ.ಬಿ.ಎಸ್. ಸೇರಬಹುದೇ?

ಪ್ರಶ್ನೆ: ನನಗೆ 25 ವರ್ಷ. ಹಾಸನ ಜಿಲ್ಲೆಯ ಹಳ್ಳಿಯವಳು. ಪಿಯುಸಿಯಲ್ಲಿ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಓದಿದೆ. ಆ ವರ್ಷ ನೀಟ್‌ನಲ್ಲಿ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಸಿಇಟಿಯಲ್ಲಿ ಎಲೆಕ್ಟ್ರಾನಿಕ್ಸ್ ಸೀಟು ಸಿಕ್ಕಿತು, ಸೇರಿಕೊಂಡೆ. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಮೂರು ವರ್ಷವಾಯಿತು. ಕಳೆದ ವರ್ಷ ಅಜ್ಜಿಗೆ ಡಯಾಲಿಸಿಸ್ ಮಾಡಿಸಲು ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ. ಆಗಿನಿಂದ ವೈದ್ಯಳಾಗಬೇಕೆಂಬ ಹಳೆಯ ಆಸೆ ಮತ್ತೆ ತಲೆ ಎತ್ತಿದೆ. ವಯಸ್ಸು ಮೀರಿಹೋಯಿತೇ? ಬಿ.ಇ. ಓದಿದ್ದಕ್ಕೆ ಏನಾದರೂ ರಿಯಾಯಿತಿ ಉಂಟೇ? ಕೆಲಸ ಬಿಟ್ಟು ಓದಲೇ? ಅಮ್ಮನಿಗೆ ಹೇಳಲು ಧೈರ್ಯ ಸಾಲುತ್ತಿಲ್ಲ. ನನ್ನ ಗೆಳತಿಗೂ ಇದೇ ಆಸೆ. ಆದರೆ ಅವಳು ಓದಿದ್ದು ಪಿಸಿಎಂಸಿ, ಜೀವಶಾಸ್ತ್ರದ ಬದಲು ಕಂಪ್ಯೂಟರ್ ವಿಜ್ಞಾನ. ಅವಳಿಗೆ ದಾರಿ ಇದೆಯೇ?

ಉತ್ತರ: ವಯಸ್ಸಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ, ಏಕೆಂದರೆ ಅದು ನಿಮ್ಮ ಪ್ರಶ್ನೆಗಳಲ್ಲೆಲ್ಲ ಸುಲಭದ್ದು. ಹಿಂದೆ ನೀಟ್ ಬರೆಯಲು ಸಾಮಾನ್ಯ ವರ್ಗಕ್ಕೆ 25, ಮೀಸಲು ವರ್ಗಗಳಿಗೆ 30 ಎಂಬ ಗರಿಷ್ಠ ವಯೋಮಿತಿ ಇತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಅದನ್ನು ತೆಗೆದುಹಾಕಿತು. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು, ಅಷ್ಟೇ. ಎಷ್ಟು ಬಾರಿ ಬರೆಯಬಹುದು ಎಂಬುದಕ್ಕೂ ಮಿತಿ ಇಲ್ಲ. ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು ತನ್ನದೇ ವಯೋಮಿತಿ ಇಟ್ಟುಕೊಂಡಿದೆ, ಅದು ನಿಮಗೆ ಆಗಲೇ ದಾಟಿದೆ. ಉಳಿದ ಕಡೆ ತೊಂದರೆಯಿಲ್ಲ.

ಅರ್ಹತೆಯೂ ಸರಿಯಿದೆ. ನೀವು ಅಂದು ಪಿಸಿಎಂಬಿ ಆರಿಸಿಕೊಂಡದ್ದು ಇಂದು ಕೈಹಿಡಿಯುತ್ತಿದೆ. ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗಕ್ಕೆ ಶೇ. 50, ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳಿಗೆ ಶೇ. 40 ಅಂಕ ಇದ್ದರೆ ಸಾಕು. ಎಷ್ಟು ವರ್ಷ ಕಳೆದರೂ ಆ ಅಂಕಪಟ್ಟಿ ಹಳಸುವುದಿಲ್ಲ.

ರಿಯಾಯಿತಿ ಮಾತ್ರ ಎಳ್ಳಷ್ಟೂ ಇಲ್ಲ. ಅಮೆರಿಕದಲ್ಲಿ ಪದವಿ ಮುಗಿಸಿದ ಮೇಲೆಯೇ ವೈದ್ಯಕೀಯಕ್ಕೆ ಅರ್ಜಿ ಹಾಕುತ್ತಾರೆ, ಅಲ್ಲಿ ಎಂಜಿನಿಯರಿಂಗ್‌ನಿಂದ ಬಂದವರು ಅಪರೂಪವಲ್ಲ. ಬ್ರಿಟನ್ನಿನಲ್ಲಿ ಪದವೀಧರರಿಗಾಗಿಯೇ ನಾಲ್ಕು ವರ್ಷದ ಕೋರ್ಸುಗಳಿವೆ. ನಮ್ಮಲ್ಲಿ ಅಂಥ ಬಾಗಿಲು ಯಾವುದೂ ಇಲ್ಲ. ನಿಮ್ಮ ಬಿ.ಇ. ಅಂಕಗಳಿಗೆ ನೀಟ್ ರ‍್ಯಾಂಕ್‌ನಲ್ಲಿ ಬೆಲೆಯಿಲ್ಲ. ಕೋರ್ಸಿನಲ್ಲೂ ಒಂದು ತಿಂಗಳಾದರೂ ಕಡಿಮೆಯಾಗುವುದಿಲ್ಲ. ಹದಿನೆಂಟರ ಹುಡುಗ ಹುಡುಗಿಯರ ಪಕ್ಕದ ಬೆಂಚಿನಲ್ಲಿ ಮೊದಲ ದಿನದಿಂದ ಕೂರಬೇಕು.

ಇನ್ನು ವರ್ಷಗಳ ಲೆಕ್ಕ. ಇದನ್ನು ಕಾಗದದ ಮೇಲೆ ನಿಮ್ಮ ಕೈಯಲ್ಲೇ ಬರೆಯಿರಿ. ಬರುವ ಪ್ರಯತ್ನದಲ್ಲೇ ಸೀಟು ಸಿಕ್ಕರೆ ಸೇರುವಾಗ 26. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಅಲ್ಲಿಗೆ 32ರ ಹತ್ತಿರ. ಕರ್ನಾಟಕದಲ್ಲಿ 2012ರ ಕಾಯ್ದೆಯಂತೆ ಕಡ್ಡಾಯ ಸರ್ಕಾರಿ ಸೇವೆಗೆ ಕರೆ ಬಂದರೆ ಇನ್ನೊಂದು ವರ್ಷ. ಆಮೇಲೆ ನೀಟ್ ಪಿಜಿ, ಎಂ.ಡಿ.ಗೆ ಮೂರು ವರ್ಷ. ನಿಮ್ಮ ಅಜ್ಜಿಯನ್ನು ನೋಡಿಕೊಂಡ ಮೂತ್ರಪಿಂಡ ತಜ್ಞರಂತೆ ಆಗಬೇಕೆಂದಿದ್ದರೆ ಅದರ ಮೇಲೆ ಡಿ.ಎಂ. ಎಂಬ ಉನ್ನತ ಪದವಿಗೆ ಮೂರು ವರ್ಷ. ಎಲ್ಲವೂ ಮೊದಲ ಯತ್ನದಲ್ಲೇ ಸಿಕ್ಕರೂ ನಲವತ್ತರ ಹೊಸ್ತಿಲಲ್ಲಿ ನಿಂತಿರುತ್ತೀರಿ. ಹೆದರಿಸಲು ಹೇಳುತ್ತಿಲ್ಲ. ಬರೀ ಎಂ.ಬಿ.ಬಿ.ಎಸ್. ಮುಗಿಸಿ ತಾಲ್ಲೂಕು ಕೇಂದ್ರದಲ್ಲಿ ಒಳ್ಳೆಯ ವೈದ್ಯರಾಗಿರುವವರು ಬೇಕಾದಷ್ಟು ಜನ ಇದ್ದಾರೆ, ಅದು ಯಾವ ರೀತಿಯಲ್ಲೂ ಕಡಿಮೆಯ ಕೆಲಸವಲ್ಲ. ಆದರೆ ನಿಮ್ಮ ಮನಸ್ಸಿನಲ್ಲಿರುವ ವೈದ್ಯೆ ಯಾರು, ಅವಳು ಈ ದಾರಿಯ ಯಾವ ಮೈಲಿಗಲ್ಲಿನಲ್ಲಿ ನಿಂತಿದ್ದಾಳೆ ಎಂಬುದು ನಿಮಗೆ ಗೊತ್ತಿರಬೇಕು.

ಈಗ ನನ್ನದೊಂದು ಪ್ರಶ್ನೆ. ಡಯಾಲಿಸಿಸ್ ಕೋಣೆಯಲ್ಲಿ ನಾಲ್ಕು ನಾಲ್ಕು ಗಂಟೆ ಕೂತಿದ್ದಿರಲ್ಲ, ಆಗ ನಿಮ್ಮ ಕಣ್ಣು ಎಲ್ಲಿತ್ತು? ಯಂತ್ರದ ಪರದೆಯ ಮೇಲಿನ ಒತ್ತಡದ ಅಂಕಿಗಳ ಮೇಲೆಯೇ? ಅಜ್ಜಿಯ ಕೈಯ ಊತದ ಮೇಲೆಯೇ? ಅಥವಾ ತೂಕ ನೋಡಿ, ಎರಡು ಮಾತು ಕೇಳಿ, ಔಷಧಿ ಬದಲಿಸಿ ಹೋದ ವೈದ್ಯರ ಮೇಲೆಯೇ?

ಇದನ್ನು ಕೇಳುವುದಕ್ಕೆ ಕಾರಣವಿದೆ. ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾ ಶಾಸ್ತ್ರ ಕಲಿಸಿದ ವರ್ಷಗಳಲ್ಲಿ ಎಂಜಿನಿಯರಿಂಗ್‌ನಿಂದ ಬಂದ ಕೆಲವರನ್ನು ಹತ್ತಿರದಿಂದ ಕಂಡಿದ್ದೇನೆ. ಅವರಲ್ಲಿ ಒಬ್ಬಳು ಎರಡನೆಯ ವರ್ಷದ ನಡುವೆ ಬಿಟ್ಟುಹೋದಳು. ಜಾಣೆ, ಕಷ್ಟಪಟ್ಟು ಓದುವವಳು. ಹೊರಡುವ ದಿನ ನನ್ನ ಮುಂದೆ ಕೂತು, ‘ಮೇಡಂ, ನನಗೆ ಬೇಡವಾಗಿದ್ದು ಆ ಕಚೇರಿ. ಅದನ್ನೇ ವೈದ್ಯಕೀಯದ ಆಸೆ ಎಂದುಕೊಂಡೆ’ ಎಂದಳು. ಇನ್ನೊಬ್ಬ ಮೆಕ್ಯಾನಿಕಲ್ ಓದಿದವನು. ಅಂಗರಚನಾ ಶಾಸ್ತ್ರದ ಮೊದಲ ಆಂತರಿಕ ಪರೀಕ್ಷೆಯಲ್ಲಿ ಫೇಲಾದ. ಹಾಸ್ಟೆಲಿನಲ್ಲಿ ಅವನನ್ನು ಎಲ್ಲರೂ ಅಣ್ಣ ಎಂದೇ ಕರೆಯುತ್ತಿದ್ದರು. ಆ ತಮ್ಮಂದಿರ ಜೊತೆ ರಾತ್ರಿ ಮೂಳೆಗಳನ್ನು ಕೈಯಲ್ಲಿ ಹಿಡಿದು ಬಾಯಿಪಾಠ ಮಾಡಿದ. ಇಂದು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಇದ್ದಾನೆ. ಬುದ್ಧಿಯಲ್ಲಿ ಇಬ್ಬರೂ ಸಮಾನರೇ. ಕೆಲಸದ ಮೇಲಿನ ಬೇಸರ ಮತ್ತು ರೋಗಿಯ ಬಳಿ ಇರುವ ಬಯಕೆ ಹೊರಗಿನಿಂದ ಒಂದೇ ತರಹ ಕಾಣುತ್ತವೆ. ಅವನ್ನು ಬೇರ್ಪಡಿಸಬೇಕಾದವರು ನೀವೇ, ಅದೂ ರಾಜೀನಾಮೆ ಕೊಡುವ ಮೊದಲು.

ತರಗತಿಯೊಳಗೆ ನಿಮಗೇನು ಕಾದಿದೆ ಎಂದು ಹೇಳುತ್ತೇನೆ, ಏಕೆಂದರೆ ಇದನ್ನು ಕೋಚಿಂಗ್ ಸಂಸ್ಥೆಯವರು ಹೇಳುವುದಿಲ್ಲ. ಎಲೆಕ್ಟ್ರಾನಿಕ್ಸ್ ಓದಿದವರಿಗೆ ಶರೀರಕ್ರಿಯಾ ಶಾಸ್ತ್ರ ತವರುಮನೆಯಂತೆ. ಹೃದಯದ ವಿದ್ಯುತ್ತನ್ನು ಅಳೆಯುವ ಇಸಿಜಿಯ ಪಾಠದಲ್ಲಿ ಮೊದಲನೆಯ ಮತ್ತು ಮೂರನೆಯ ಲೀಡ್‌ಗಳ (ಮೈಮೇಲಿನ ಜೋಡಣೆಗಳ) ವೋಲ್ಟೇಜ್ ಕೂಡಿದರೆ ಎರಡನೆಯದು ಬರುತ್ತದೆ ಎಂದಾಗ ಉಳಿದವರು ಅದನ್ನು ಐಂಥೋವನ್ ನಿಯಮ ಎಂದು ಉರುಹೊಡೆಯುತ್ತಾರೆ. ನಿಮಗೆ ಅಲ್ಲಿ ವಿದ್ಯುನ್ಮಂಡಲದ ನಿಯಮ ಕೊಟ್ಟ ಕಿರ್ಚಾಫ್ ಕಾಣುತ್ತಾನೆ. ನರಕೋಶದ ಪೊರೆ ಒಂದು ಕೆಪಾಸಿಟರ್, ಅದರಲ್ಲಿರುವ ಅಯಾನುಗಳ ದಾರಿಗಳು ವೋಲ್ಟೇಜಿಗೆ ತಕ್ಕಂತೆ ಬದಲಾಗುವ ರೆಸಿಸ್ಟರುಗಳು. ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಈ ಪೊರೆಗೆ ಬರೆದ ವಿದ್ಯುನ್ಮಂಡಲದ ಚಿತ್ರವನ್ನು ನೀವು ಓದಿಕೊಳ್ಳಬಲ್ಲಿರಿ. ರಕ್ತನಾಳದ ತ್ರಿಜ್ಯ ಅರ್ಧಕ್ಕಿಳಿದರೆ ಹರಿವಿಗೆ ತಡೆ 16 ಪಟ್ಟಾಗುತ್ತದೆ ಎಂಬುದನ್ನು ಯಾರೂ ನಿಮಗೆ ಎರಡು ಸಲ ಹೇಳಬೇಕಿಲ್ಲ. ರಕ್ತದೊತ್ತಡ, ಸಕ್ಕರೆ, ಮೈಯ ಬಿಸಿ ಎಲ್ಲವನ್ನೂ ಹಿಡಿದಿಡುವುದು ಋಣ ಹಿಂಬರಿಕೆ. ನೀವು ಕಂಟ್ರೋಲ್ ಸಿಸ್ಟಮ್ಸ್ ಪತ್ರಿಕೆಯಲ್ಲಿ ಓದಿದ ಅದೇ ಫೀಡ್‌ಬ್ಯಾಕ್.

ಮೂತ್ರಪಿಂಡದ ಪಾಠ ಬಂದಾಗ ನಿಮಗೆ ಅಜ್ಜಿಯ ನೆನಪಾಗುತ್ತದೆ. ಒಂದೊಂದು ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ನೆಫ್ರಾನುಗಳು, ಅಂದರೆ ಸೋಸುವ ಘಟಕಗಳು. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಡುತ್ತವೆ. ನೀವು ನೋಡಿದ ಯಂತ್ರ ಸೋಸುತ್ತದೆ. ಮೂತ್ರಪಿಂಡವಾದರೋ ಸೋಸಿದ್ದರಲ್ಲಿ ದೇಹಕ್ಕೆ ಬೇಕಾದ್ದನ್ನು ಆಯ್ದು ಆಯ್ದು ಹಿಂದಕ್ಕೆ ಪಡೆಯುತ್ತದೆ. ಆ ಹಿಂದಕ್ಕೆ ಪಡೆಯುವ ಕೆಲಸವನ್ನು ನೀವು ನೋಡಿದಂಥ ಯಂತ್ರ ಮಾಡಲಾರದು. ಈ ಪಾಠವನ್ನು ನಾನು ಎಷ್ಟು ಸಲ ಮಾಡಿದ್ದರೂ ಇಲ್ಲಿಗೆ ಬಂದಾಗ ಒಂದು ಕ್ಷಣ ನಿಲ್ಲುತ್ತೇನೆ.

ಆದರೆ ಅಂಗರಚನಾ ಶಾಸ್ತ್ರದಲ್ಲಿ ಸೂತ್ರದಿಂದ ಹೊರಡಿಸುವಂಥದ್ದು ಏನೂ ಇಲ್ಲ. ಮುಂದೋಳಿನ ಒಂದೊಂದು ಸ್ನಾಯು ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆ, ಯಾವ ನರ ಅದನ್ನು ನಡೆಸುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಲೇಬೇಕು. ಎರಡನೆಯ ವರ್ಷದ ಔಷಧಶಾಸ್ತ್ರ, ಸೂಕ್ಷ್ಮಜೀವಿ ಶಾಸ್ತ್ರಗಳೂ ಹಾಗೆಯೇ. ನಾಲ್ಕು ತತ್ತ್ವ ತಿಳಿದು ನಲವತ್ತು ಲೆಕ್ಕ ಮಾಡುವ ಅಭ್ಯಾಸವಿದ್ದವರಿಗೆ ಇದು ಮೊದಮೊದಲು ಉಸಿರು ಕಟ್ಟಿಸುತ್ತದೆ.

ಅದಕ್ಕಿಂತ ಆಳದ ಬದಲಾವಣೆ ವಾರ್ಡಿನಲ್ಲಿ. ಪ್ರೋಗ್ರಾಂ ಕೆಟ್ಟರೆ ನೀವು ಅದನ್ನು ನಿಲ್ಲಿಸಿ, ಸಾಲು ಸಾಲಾಗಿ ನೋಡಿ, ಮತ್ತೆ ನಡೆಸುತ್ತೀರಿ. ಇಲ್ಲಿ ಅರವತ್ತರ ರೈತರೊಬ್ಬರು ಬಂದು ‘ಎದೆ ಹಿಡಿದ ಹಾಗಾಗುತ್ತದೆ ತಾಯಿ’ ಎನ್ನುತ್ತಾರೆ. ಅದು ಹೃದಯವಿರಬಹುದು, ಹುಳಿತೇಗಿರಬಹುದು, ಮೊನ್ನೆ ಮೂಟೆ ಹೊತ್ತದ್ದಿರಬಹುದು, ಮಗಳ ಮನೆಯ ಚಿಂತೆ ಇರಬಹುದು. ಪೂರ್ತಿ ಮಾಹಿತಿ ಕೈಗೆ ಬರುವ ಮೊದಲೇ ತೀರ್ಮಾನ ತೆಗೆದುಕೊಳ್ಳಬೇಕು. ಸುಸ್ತು, ಸಂಕಟ, ಸೆಳೆತ, ಮರಮರ, ಚುಮುಚುಮು ಎಂಬ ಮಾತುಗಳಲ್ಲಿ ಯಾವುದು ಯಾವ ರೋಗದ ನೆರಳು ಎಂದು ಗುರುತಿಸುವುದು ಪುಸ್ತಕದಿಂದ ಬರುವುದಿಲ್ಲ. ಹಳ್ಳಿಯಲ್ಲಿ ಬೆಳೆದ ನಿಮಗೆ ಇದರಲ್ಲಿ ನಗರದ ಮಕ್ಕಳಿಗಿಂತ ಮುನ್ನಡೆಯಿದೆ, ಅದನ್ನು ಸಣ್ಣದೆಂದು ತಿಳಿಯಬೇಡಿ.

ಪರೀಕ್ಷೆಗೆ ಬರುತ್ತೇನೆ. 720 ಅಂಕಗಳಲ್ಲಿ ಜೀವಶಾಸ್ತ್ರಕ್ಕೆ 360, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಕ್ಕೆ ತಲಾ 180. ಮೂರು ಗಂಟೆಯಲ್ಲಿ 180 ಪ್ರಶ್ನೆ. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಅಂಕ ಕಡಿತ. ಎಂಜಿನಿಯರಿಂಗ್ ಓದಿದವರು ಎಡವುವುದು ಇಲ್ಲಿಯೇ: ಭೌತಶಾಸ್ತ್ರ ಹಿತವೆನಿಸುತ್ತದೆಂದು ದಿನವೆಲ್ಲ ಅದನ್ನೇ ಹಿಡಿದು ಕೂರುತ್ತಾರೆ. ಸೀಟು ಕೊಡುವುದು ಜೀವಶಾಸ್ತ್ರ. ಇಬ್ಬರ ಒಟ್ಟು ಅಂಕ ಸಮನಾದರೆ ಮೊದಲು ನೋಡುವುದೂ ಅದರ ಅಂಕವನ್ನೇ. ಎನ್‌ಸಿಇಆರ್‌ಟಿಯ ಎರಡು ಜೀವಶಾಸ್ತ್ರ ಪುಸ್ತಕಗಳನ್ನು ಚಿತ್ರ, ಅಡಿಟಿಪ್ಪಣಿ ಸಹಿತ ಸಾಲುಸಾಲಾಗಿ ಓದಿ. ಅಟ್ಟದ ಮೇಲಿರುವ ನಿಮ್ಮ ಹಳೆಯ ಪಿಯುಸಿ ಪುಸ್ತಕ ಮಾತ್ರ ಬೇಡ. 2024ರ ನೀಟ್‌ನಿಂದ ಪಠ್ಯಕ್ರಮ ಬದಲಾಗಿದೆ. ಜೀರ್ಣಕ್ರಿಯೆ, ಸಸ್ಯಗಳಲ್ಲಿ ಸಾಗಣೆ, ಖನಿಜ ಪೋಷಣೆಯಂಥ ಅಧ್ಯಾಯಗಳು ಹೊರಹೋಗಿವೆ. ಹೊಸ ಮುದ್ರಣವನ್ನೇ ಕೊಳ್ಳಿ.

ಎಷ್ಟು ಅಂಕ ಬೇಕು ಎಂದು ಕೇಳಬೇಡಿ, ಎಷ್ಟನೆಯ ರ‍್ಯಾಂಕ್ ಬೇಕು ಎಂದು ಕೇಳಿ. 2024ರಲ್ಲಿ 720ಕ್ಕೆ 720 ಪಡೆದವರು ಹಲವರಿದ್ದರು. 2025ರಲ್ಲಿ ಭೌತಶಾಸ್ತ್ರ ಕಠಿಣವಾಗಿ, ದೇಶಕ್ಕೆ ಮೊದಲಿಗರಾದವರಿಗೇ 686. ಆ ವರ್ಷ ಬರೆದವರು ಸುಮಾರು 22 ಲಕ್ಷ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರಕಟಿಸುವ ಹಿಂದಿನ ವರ್ಷಗಳ ಕಾಲೇಜುವಾರು ಕೊನೆಯ ರ‍್ಯಾಂಕ್ ಪಟ್ಟಿಯನ್ನು ನಿಮ್ಮ ವರ್ಗಕ್ಕೆ ಹೊಂದಿಸಿ ನೋಡಿ, ಸರಿಯಾದ ಅಂದಾಜು ಸಿಗುತ್ತದೆ.

ಹಣದ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾದದ್ದು. ಸರ್ಕಾರಿ ಕಾಲೇಜಿನ ವಾರ್ಷಿಕ ಶುಲ್ಕ ಅರವತ್ತು ಸಾವಿರದ ಆಸುಪಾಸು, ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟಿಗೆ ಒಂದೂವರೆ ಲಕ್ಷದ ಆಸುಪಾಸು. ಈ ಎರಡರಲ್ಲಿ ಯಾವುದು ಸಿಕ್ಕರೂ ಮೂರು ವರ್ಷದ ನಿಮ್ಮ ಉಳಿತಾಯ ದೊಡ್ಡ ಆಸರೆಯಾಗುತ್ತದೆ. ಖಾಸಗಿ ಕೋಟಾ ಸೀಟು ಬೇರೆಯೇ ಮಾತು, ವರ್ಷಕ್ಕೆ ಸುಮಾರು 12 ಲಕ್ಷ. ನಾಲ್ಕೂವರೆ ವರ್ಷಕ್ಕೆ 54 ಲಕ್ಷ. ಅಷ್ಟನ್ನೂ ಶೇ. 10ರ ಬಡ್ಡಿಗೆ ಸಾಲ ತೆಗೆದು ಹತ್ತು ವರ್ಷದಲ್ಲಿ ತೀರಿಸಬೇಕೆಂದರೆ, ಓದುವಾಗ ಬೆಳೆದ ಬಡ್ಡಿಯನ್ನು ಬಿಟ್ಟರೂ ತಿಂಗಳ ಕಂತು 70 ಸಾವಿರ ದಾಟುತ್ತದೆ. 32ರ ವಯಸ್ಸಿನಲ್ಲಿ ಆ ಕಂತನ್ನು ಹೊತ್ತವರು ಎಂ.ಡಿ. ಓದುವುದು ಹೇಗೆ, ಹಳ್ಳಿಯಲ್ಲಿ ನಿಲ್ಲುವುದು ಹೇಗೆ? ಮನೆಯಲ್ಲಿ ಆಸ್ತಿ ಇದ್ದರೂ ಅದನ್ನು ಅಡವಿಟ್ಟು ಈ ಸೀಟು ಹಿಡಿಯಬೇಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ವಿದೇಶದ ಅಗ್ಗದ ಎಂ.ಬಿ.ಬಿ.ಎಸ್. ಬಗ್ಗೆಯೂ ಎಚ್ಚರ. ಅದಕ್ಕೂ ನೀಟ್ ಅರ್ಹತೆ ಬೇಕು, ಕನಿಷ್ಠ 54 ತಿಂಗಳ ಓದು ಆಗಬೇಕು, ಅಲ್ಲೊಂದು ವರ್ಷ ಇಲ್ಲೊಂದು ವರ್ಷ ಇಂಟರ್ನ್‌ಶಿಪ್ ಮುಗಿಸಬೇಕು, ಇಲ್ಲಿ ಅರ್ಹತಾ ಪರೀಕ್ಷೆ ಪಾಸಾಗಬೇಕು. ನಿಮ್ಮ ವಯಸ್ಸಿಗೆ ಆ ಸುತ್ತುದಾರಿ ಬೇಡ.

ಇನ್ನೊಂದು ಮಾತು, ಯಾರೂ ಮೊದಲೇ ತಿಳಿಸುವುದಿಲ್ಲ: ಒಂದು ವೃತ್ತಿಪರ ಪದವಿ ಮುಗಿಸಿ ಇನ್ನೊಂದಕ್ಕೆ ಸೇರಿದವರಿಗೆ ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಸಿಗುವುದಿಲ್ಲ. ನೀವು ಯಾವ ವರ್ಗದವರಾದರೂ ನಿಮಗೆ ಅನ್ವಯಿಸುವ ಯೋಜನೆಯ ಷರತ್ತನ್ನು ಓದಿ, ವಿದ್ಯಾರ್ಥಿವೇತನ ಬರುವುದಿಲ್ಲ ಎಂದೇ ಖರ್ಚಿನ ಲೆಕ್ಕ ಹಾಕಿಕೊಳ್ಳಿ.

ಯಂತ್ರವೇ ನಿಮ್ಮ ಕಣ್ಣನ್ನು ಸೆಳೆದಿತ್ತು ಎಂದಾದರೆ ಅದೂ ಸಣ್ಣ ಸಂಗತಿಯಲ್ಲ. ಡಯಾಲಿಸಿಸ್ ಯಂತ್ರದ ಮೊದಲ ಉಪಯುಕ್ತ ರೂಪ ಬಂದದ್ದು ಯುದ್ಧಕಾಲದ ನೆದರ್‌ಲೆಂಡ್ಸ್‌ನಲ್ಲಿ. ವಿಲ್ಲೆಮ್ ಕಾಲ್ಫ್ ಎಂಬ ವೈದ್ಯರು ಸಾಸೇಜ್ ಸುತ್ತುವ ಸೆಲೊಫೇನ್ ಕೊಳವೆಯನ್ನು ತಿರುಗುವ ಪೀಪಾಯಿಗೆ ಸುತ್ತಿ 1943ರಲ್ಲಿ ಅದನ್ನು ಕಟ್ಟಿದರು. ಅದರಿಂದ ಒಬ್ಬ ರೋಗಿ ಮೊದಲ ಬಾರಿಗೆ ಬದುಕುಳಿದದ್ದು 1945ರಲ್ಲಿ. ಪೀಪಾಯಿ ಕಟ್ಟಲು ಅವರಿಗೆ ಊರಿನ ಕಾರ್ಖಾನೆಯ ಎಂಜಿನಿಯರ್ ಬೇಕಾದರು. ನಮ್ಮಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಶಸ್ತ್ರವೈದ್ಯ ಎಂ.ಎಸ್. ವಲಿಯತ್ತಾನ್ ಮತ್ತು ಎಂಜಿನಿಯರ್ ಜಿ.ಎಸ್. ಭುವನೇಶ್ವರ್ ಕೂಡಿ ವರ್ಷಗಟ್ಟಲೆ ದುಡಿದು ಕೃತಕ ಹೃದಯ ಕವಾಟ ರೂಪಿಸಿದರು. ಮೊದಲ ಮಾದರಿಗಳು ಪರೀಕ್ಷೆಯಲ್ಲಿ ಸೋತವು. ಗೆದ್ದ ಮಾದರಿಯನ್ನು 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯ ಎದೆಯೊಳಗೆ ಇರಿಸಿದರು. ಭುವನೇಶ್ವರ್ ಅವರಿಗೆ ಆ ಕೆಲಸಕ್ಕೆ ಎಂ.ಬಿ.ಬಿ.ಎಸ್. ಬೇಕಾಗಲಿಲ್ಲ. ಇಂದು ಐಐಟಿ ಮದ್ರಾಸ್, ವೆಲ್ಲೂರಿನ ಸಿಎಂಸಿ ಮತ್ತು ಶ್ರೀ ಚಿತ್ರಾ ಸೇರಿ ನಡೆಸುವ ಕ್ಲಿನಿಕಲ್ ಎಂಜಿನಿಯರಿಂಗ್ ಎಂ.ಟೆಕ್. ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಯೋಎಂಜಿನಿಯರಿಂಗ್ ವಿಭಾಗವಿದೆ. ಆಸ್ಪತ್ರೆಯ ಒಳಗೇ ಇರುವ ಕೆಲಸ, ಎರಡು ಮೂರು ವರ್ಷದಲ್ಲಿ ಮುಟ್ಟಬಹುದಾದದ್ದು. ಸೋತವರಿಗಾಗಿ ಇಟ್ಟ ಎರಡನೆಯ ಪಂಕ್ತಿ ಎಂದು ಇದನ್ನು ತಿಳಿದವರ ಬಗ್ಗೆ ನನಗೆ ಬೇಸರವಿದೆ.

ಇಲ್ಲ, ನನ್ನ ಕಣ್ಣು ಅಜ್ಜಿಯ ಮೇಲೆಯೇ ಇತ್ತು ಎನ್ನುತ್ತೀರಾದರೆ, ಮೂರು ತಿಂಗಳು ಕೆಲಸ ಬಿಡದೆ ಹೀಗೆ ಮಾಡಿ. ಬೆಳಿಗ್ಗೆ ಕಚೇರಿಗೆ ಮೊದಲು ಎರಡು ಗಂಟೆ ಜೀವಶಾಸ್ತ್ರ. ಭಾನುವಾರ ಬೆಳಿಗ್ಗೆ ರೋಗಿಗಳಿರುವ ಕಡೆ ಹೋಗಿ. ಬೆಂಗಳೂರಿನ ಕರುಣಾಶ್ರಯದಂಥ ಉಪಶಾಮಕ ಆರೈಕೆ ಕೇಂದ್ರಗಳು (ಗುಣವಾಗದ ರೋಗಿಗಳ ನೋವು ತಗ್ಗಿಸಿ ನೋಡಿಕೊಳ್ಳುವಂಥವು) ಸ್ವಯಂಸೇವಕರನ್ನು ಸೇರಿಸಿಕೊಳ್ಳುತ್ತವೆ. ನಿಮ್ಮವರಲ್ಲದ ಒಬ್ಬರ ಬಾಯಿ ಒರೆಸಿ, ಅವರ ಮಾತು ಕೇಳಿ ಮನೆಗೆ ಬಂದ ಸಂಜೆ ನಿಮಗೆ ಏನನ್ನಿಸುತ್ತದೆ ಎಂದು ಬರೆದಿಡಿ. ಸ್ವಂತ ಅಜ್ಜಿಯ ಆರೈಕೆಯಲ್ಲಿ ಪ್ರೀತಿ ಬೆರೆತಿರುತ್ತದೆ, ಅದರಿಂದ ವೃತ್ತಿಯ ಅಂದಾಜು ಸಿಗುವುದಿಲ್ಲ. ಮೂರು ತಿಂಗಳ ಕೊನೆಗೆ ಹಿಂದಿನ ವರ್ಷದ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬರೆಯಿರಿ. ಜೀವಶಾಸ್ತ್ರದಲ್ಲಿ 360ಕ್ಕೆ 250ರ ಹತ್ತಿರ ಬಂದರೆ, ಆಗ ಆರೇಳು ತಿಂಗಳು ಪೂರ್ತಿ ಓದಿಗೆ ಕೂರಲು ರಾಜೀನಾಮೆಯ ಮಾತಾಡಬಹುದು. ಅಷ್ಟು ಬರದಿದ್ದರೆ ಇನ್ನೂ ಮೂರು ತಿಂಗಳು ಇದೇ ಕ್ರಮ. ಒಂದು ಪೂರ್ಣ ಯತ್ನ, ಬಹಳವೆಂದರೆ ಎರಡು, ಅಲ್ಲಿಗೆ ನಿಲ್ಲಿಸುವುದಾಗಿ ಈಗಲೇ ನಿಶ್ಚಯಿಸಿ. ನೀಟ್‌ಗೆ ಮಿತಿ ಇಲ್ಲದ್ದರಿಂದಲೇ ನಿಮಗೆ ಮಿತಿ ಬೇಕು.

ಈ ನಡುವೆ ಊರಿಗೆ ಹೋದಾಗ ಕಾಗದಪತ್ರ ಮಾಡಿಸಿಕೊಳ್ಳಿ. ಕರ್ನಾಟಕದಲ್ಲಿ ಏಳು ವರ್ಷ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಆಗಬೇಕು. ಒಂದರಿಂದ ಹತ್ತನೆಯ ತರಗತಿವರೆಗೆ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಆ ಎರಡು ಮೀಸಲಾತಿಗಳ ಪ್ರಮಾಣಪತ್ರವನ್ನೂ ಪಡೆಯಿರಿ. ಹಳೆಯ ಶಾಲೆಯ ದಾಖಲೆ ಹುಡುಕಲು ವಾರಗಳೇ ಬೇಕಾಗಬಹುದು, ಕೌನ್ಸೆಲಿಂಗ್ ಸಮಯದಲ್ಲಿ ಅಷ್ಟು ಪುರುಸೊತ್ತು ಇರುವುದಿಲ್ಲ.

ಅಮ್ಮನಿಗೆ ಮೂರು ತಿಂಗಳಾದ ಮೇಲೆ ಹೇಳಿ, ಆದರೆ ರಾಜೀನಾಮೆಗೆ ಮೊದಲೇ ಹೇಳಿ. ಆಸೆಯಿಂದ ಮಾತು ಶುರು ಮಾಡಬೇಡಿ. ಬ್ಯಾಂಕಿನಲ್ಲಿ ಎಷ್ಟಿದೆ, ಎಷ್ಟು ತಿಂಗಳು ಮನೆಗೆ ಹಣ ಕಳಿಸಲಾಗುವುದಿಲ್ಲ, ಸೀಟು ಸಿಗದಿದ್ದರೆ ಯಾವ ತಿಂಗಳು ಮತ್ತೆ ಕೆಲಸಕ್ಕೆ ಹೋಗುತ್ತೀರಿ ಎಂಬುದನ್ನು ಮುಂದಿಡಿ. ಮದುವೆಯ ಮಾತು ಬಂದೇ ಬರುತ್ತದೆ. ಓದಿನ ನಡುವೆ ಮದುವೆಯಾಗಿ ಮುಗಿಸಿದವರನ್ನೂ ಕಂಡಿದ್ದೇನೆ, ಮುಗಿಸಲಾಗದವರನ್ನೂ ಕಂಡಿದ್ದೇನೆ. ಹಾಜರಾತಿ ತರಗತಿಗೆ ಶೇ. 75, ಪ್ರಾಯೋಗಿಕಕ್ಕೆ ಶೇ. 80 ಇರಲೇಬೇಕು. ಗಂಡನ ಮನೆಯವರಿಗೆ ಇದು ಮುಂಚೆಯೇ ತಿಳಿದಿರಬೇಕು. ಅಮ್ಮ ಬೇಡವೆಂದರೆ ಆ ದಿನವೇ ವಾದಕ್ಕಿಳಿಯಬೇಡಿ. ನೀವು ಮೂರು ತಿಂಗಳು ಯೋಚಿಸಿದ್ದೀರಿ, ಅವರಿಗೆ ಮೂರು ವಾರವಾದರೂ ಕೊಡಿ.

ಗೆಳತಿಗೆ ದಾರಿ ಇದೆ. 2023ರ ನವೆಂಬರಿನಲ್ಲಿ ವೈದ್ಯಕೀಯ ಆಯೋಗ ಹೊರಡಿಸಿದ ಸೂಚನೆಯಂತೆ, ಹನ್ನೆರಡನೆಯ ತರಗತಿ ಮುಗಿದ ಮೇಲೆ ಮಾನ್ಯತೆ ಪಡೆದ ಮಂಡಳಿಯಿಂದ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದವರೂ ನೀಟ್‌ಗೆ ಅರ್ಹರು. ಪಿಯುಸಿ ಮುಗಿಸಿದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಈ ಒಂದೇ ವಿಷಯಕ್ಕೆ ಹೆಸರು ನೋಂದಾಯಿಸಬಹುದು. ಪ್ರಾಯೋಗಿಕ ಪರೀಕ್ಷೆಯನ್ನು ಬಿಡದೆ ಬರೆಯಬೇಕು. ಅಲ್ಲಿ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಯುತ್ತದೆ: ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್. ನೀಟ್ ಇರುವುದು ಮೇ ತಿಂಗಳಲ್ಲಿ. ಹಾಗಾಗಿ ಹಿಂದಿನ ಅಕ್ಟೋಬರಿನ ಪರೀಕ್ಷೆಯನ್ನೇ ಬರೆಯಲಿ, ದಾಖಲೆ ಪರಿಶೀಲನೆಯ ದಿನ ಅಂಕಪಟ್ಟಿ ಕೈಯಲ್ಲಿರುತ್ತದೆ. ನೋಂದಣಿಗೆ ಮೊದಲು ಆ ವರ್ಷದ ನೀಟ್ ಮಾಹಿತಿ ಪುಸ್ತಕ ಮತ್ತು ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಕ ಎರಡರಲ್ಲೂ ಅರ್ಹತೆಯ ಪುಟವನ್ನು ಅವಳೇ ಓದಲಿ. ಜೀವಶಾಸ್ತ್ರವನ್ನು ಹತ್ತನೆಯ ತರಗತಿಯ ನಂತರ ಮುಟ್ಟದವಳಾದ್ದರಿಂದ ಅವಳಿಗೆ ನಿಮಗಿಂತ ಒಂದು ವರ್ಷ ಹೆಚ್ಚು ಬೇಕಾಗುತ್ತದೆ. ಬೆಳಗಿನ ಆ ಎರಡು ಗಂಟೆ ಇಬ್ಬರೂ ಒಟ್ಟಿಗೆ ಕೂರಲು ಸಾಧ್ಯವಾದರೆ ಕೂರಿ. ಅವಳಿಗೆ ಪಾಠ ಹೇಳಿಕೊಡುತ್ತಾ ನಿಮಗೂ ಅದು ಗಟ್ಟಿಯಾಗುತ್ತದೆ.